ಬರೆಹ ಉಳಿಯುವ ಬಗೆ

ಗೌರಿಬಿದನೂರಿನ ಕಡೆಯ ನಮ್ಮ ಕುಡುಮಲಕುಂಟೆ ಕನ್ನಡ, ತೆಲುಗುಗಳೆರಡೂ ಬೆರೆತ ಗಡಿಸೀಮೆಯ ಊರು. ಇಲ್ಲಿಯ ಹಿರಿಯರ ಬಾಯಲ್ಲಿರುವ ಪದಗಳನ್ನೂ ಗಾದೆಗಳನ್ನೂ ಬರೆದಿಡುವುದು ನನ್ನ ಹವ್ಯಾಸ. ಅದಕ್ಕೆ ನಾನು ಬಳಸುವುದು ಲಿನಕ್ಸ್ ಗಣಕದ ‘ಜಿಎಡಿಟ್’ ಎಂಬ ಸರಳ ಪಠ್ಯ ಸಂಪಾದಕವನ್ನು. ಅಕ್ಷರಗಳ ಅಲಂಕಾರ, ಪುಟವಿನ್ಯಾಸಗಳ ಗೊಡವೆ ಅದಕ್ಕಿಲ್ಲ. ಬರೆದುದನ್ನು ಬರೆದಂತೆ ಕಾಪಾಡುವುದಷ್ಟೇ ಅದರ ಕಾಯಕ.

ನಮ್ಮ ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಹಿಂದೆ ಗಣಕದಲ್ಲಿ ಅಚ್ಚುಮಾಡಿಸಿದ್ದೆವು. ಅಜ್ಜಿ ತೀರಿಕೊಂಡ ಮೇಲೆ ಆ ಕಡತವನ್ನು ಈ ಸಂಪಾದಕದಲ್ಲಿ ತೆರೆದಾಗ ಕಂಡುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಇರುತ್ತಿದ್ದುದು ರೋಮನ್ ಸಂಕೇತಗಳೇ; ವಿಶೇಷ ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಫಾಂಟು ಇಲ್ಲವಾದರೆ ವೇಷವೂ ಕಳಚುತ್ತಿತ್ತು.

1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನೆಲೆಯನ್ನು ಕೊಟ್ಟಿತು. ಅದೇ ವರ್ಷ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸಿಗೆ ನಾಂದಿ ಹಾಡಿದರು. ಕನ್ನಡಿಗರೇ ಆದ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೂ ಇಂದು ಅದರಲ್ಲಿ ದೊರೆಯುತ್ತದೆ. ಪರಿವರ್ತಕದ ನೆರವಿನಿಂದ ಅಜ್ಜಿಯ ಪದಗಳನ್ನು ಯೂನಿಕೋಡಿಗೆ ತಂದು, ಒಂದೊಂದೇ ಸಾಲನ್ನು ತಿದ್ದಿದೆನು. ಈಗ ಅವು ಯಾವ ಗಣಕದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತವೆ.

ವಿದ್ಯಾರ್ಥಿಗಳೇ, ಮನೆಯ ಹಿರಿಯರ ಮಾತನ್ನು ನೀವೂ ಬರೆದಿಡಿರಿ. ಬರೆದ ಕಡತವನ್ನು ಒಮ್ಮೆ ಸರಳ ಸಂಪಾದಕದಲ್ಲಿ ತೆರೆದು ನೋಡಿರಿ. ಅಲ್ಲಿಯೂ ಕನ್ನಡವೇ ಕಂಡರೆ, ಅದು ನಿಮ್ಮ ಮೊಮ್ಮಕ್ಕಳಿಗೂ ಕಂಡೀತು.