ಮೊದಲು ಯಾವುದು?

ಶಂಖ, ಚಕ್ರ, ಗದೆ, ಪದ್ಮ ಇವುಗಳನ್ನು ನಾಲ್ಕು ಕೈಗಳಲ್ಲಿ ಎಷ್ಟು ಬಗೆಯಾಗಿ ಹಿಡಿಯಬಹುದು? ಮೊದಲ ಕೈಗೆ ನಾಲ್ಕು ಅವಕಾಶ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಉಳಿದದ್ದೊಂದು, ಗುಣಿಸಿದರೆ 24. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಈ ಲೆಕ್ಕವುಂಟು. ಕೇಶವ, ನಾರಾಯಣ ಎಂದು ಮೊದಲಾಗುವ ನಾಮಗಳೂ 24. ಕೈಗಳ ಕ್ರಮ ಬದಲಾದಂತೆ ಮೂರ್ತಿಯ ಹೆಸರೂ ಬದಲಾಗುತ್ತದೆ. ಮೈಸೂರಿನವರು ಇದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಸೋಮನಾಥಪುರದಲ್ಲಿ 1258ರ ಕೇಶವ ದೇವಾಲಯದ ಗೋಡೆಯ ವಿಷ್ಣುಮೂರ್ತಿಗಳ ಕೈಗಳನ್ನು ನಿಧಾನವಾಗಿ ನೋಡಿದರೆ ಸಾಕು.

ನಾಲ್ಕು ಕೈಗಳ ದೇವರಿಗೆ 24 ಕ್ರಮಗಳಾದರೆ, ಎರಡೇ ಕೈಗಳ ಗೃಹಿಣಿಗೆಷ್ಟು? ಒಂಟಿಕೊಪ್ಪಲಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ಸೊಸೆಗೆ ಬೆಳಗಿನ ಕೆಲಸ ಆರು: ಬಾಗಿಲು ಸಾರಿಸುವುದು, ರಂಗೋಲಿ, ಸ್ನಾನ, ಪೂಜೆ, ಹಾಲು ಕಾಯಿಸುವುದು, ಕಾಫಿ. ಕಟ್ಟಳೆಯೇ ಇಲ್ಲದಿದ್ದರೆ 720 ಕ್ರಮಗಳು!

ಆದರೆ ಸಾರಿಸದೆ ರಂಗೋಲಿಯಿಲ್ಲ. ಎರಡು ಕೆಲಸಗಳಲ್ಲಿ ಇದೇ ಮೊದಲು ಎಂದೊಡನೆ, ಅವೆರಡು ಅದಲುಬದಲಾದ ಕ್ರಮಗಳೆಲ್ಲ ಬಿದ್ದುಹೋಗಿ ಅರ್ಧ ಉಳಿಯುತ್ತದೆ: 360. ಸ್ನಾನವಾಗದೆ ಪೂಜೆಯಿಲ್ಲ: 180. ಹಾಲು ಕಾಯದೆ ಕಾಫಿಯಿಲ್ಲ: 90. ಇಷ್ಟರವರೆಗೆ ಯಾರನ್ನೂ ದೂರುವಂತಿಲ್ಲ.

ಇನ್ನು ಮುಂದಿನವು ಮನೆಯವರ ಕಟ್ಟಳೆಗಳು. ರಂಗೋಲಿ ಮುಗಿದ ಮೇಲೆಯೇ ಸ್ನಾನವೆಂಬುದು ರೂಢಿ. ಸಾರಣೆಯಿಂದ ಪೂಜೆಯವರೆಗಿನ ನಾಲ್ಕು ಕೆಲಸಗಳು ಒಂದೇ ಸರಪಳಿಯಾಗುತ್ತವೆ, ಉಳಿಯುವುದು 15. ಪೂಜೆಗೆ ಮೊದಲು ಕಾಫಿ ಕೂಡದೆಂಬುದು ಅತ್ತೆಯವರ ಮಾತು. ಈಗ ಕಾಫಿ ಕಟ್ಟಕಡೆಗೆ. ಹಾಲನ್ನು ಯಾವಾಗ ಕಾಯಿಸಬೇಕೆಂಬ ಸ್ವಾತಂತ್ರ್ಯವೊಂದೇ ಸೊಸೆಯ ಪಾಲಿಗೆ. ಕ್ರಮಗಳು 5. ಅಷ್ಟರಲ್ಲಿ ಪತಿರಾಯರ ಅಪ್ಪಣೆ: “ನನಗೆ ಎದ್ದ ಕೂಡಲೇ ಕಾಫಿಯಾಗಬೇಕು, ರಂಗೋಲಿ ಆಮೇಲೆ ಹಾಕಿಕೊ.”

ಪೂಜೆಯಾದ ಮೇಲೆ ಕಾಫಿ, ರಂಗೋಲಿಗೂ ಮೊದಲು ಕಾಫಿ! ಎರಡನ್ನೂ ನಡೆಸುವ ಕ್ರಮ ಒಂದೂ ಇಲ್ಲ. ಸೊನ್ನೆ ಎಂದು ಬರೆದು ಗಣಿತವು ಲೇಖನಿಯನ್ನು ಕೆಳಗಿಡುತ್ತದೆ. ಸೊಸೆಯಾದವಳು ಹಾಗೆ ಕೈಚೆಲ್ಲುವಂತಿಲ್ಲ. ಆಕೆ ಅರ್ಧ ಗಂಟೆ ಮೊದಲೇ ಎದ್ದು, ಅತ್ತೆಗೆ ತಿಳಿಯದಂತೆ ಒಮ್ಮೆ, ತಿಳಿಯುವಂತೆ ಇನ್ನೊಮ್ಮೆ ಕಾಫಿ ಮಾಡುತ್ತಾಳೆ. ಆರು ಕೆಲಸ ಏಳಾಗುತ್ತದೆ. ಮನೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತಿದೆಯೆಂದು ಎಲ್ಲರಿಗೂ ತೃಪ್ತಿ. ಆ ತೃಪ್ತಿಯ ಬೆಲೆಯನ್ನು ಆಕೆಯ ನಿದ್ರೆ ತೆರುತ್ತದೆ.

ಪತಿರಾಯರು ತಮ್ಮ ಕಾಫಿಯನ್ನು ತಾವೇ ಬೆರೆಸಿಕೊಂಡರೆ ಸೊನ್ನೆ ಮತ್ತೆ 5 ಆದೀತು. ಅತ್ತೆಯವರೂ ಒಂದು ಮಾತು ಸಡಿಲಿಸಿದರೆ 15. ಲೆಕ್ಕ ಕಷ್ಟದ್ದಲ್ಲ, ಮಾಡಬೇಕಾದವರು ಇನ್ನೂ ಮಲಗಿದ್ದಾರೆ, ಅಷ್ಟೆ.