ರಿಕವರಿ ಯಾರ ಮಾತು?

ನಮ್ಮ ಬೀದಿಯ ಮೊಬೈಲ್ ಅಂಗಡಿಯ ಗಾಜಿಗೆ ‘ಇಲ್ಲಿ ಡೇಟಾ ರಿಕವರಿ ಮಾಡಿಕೊಡಲಾಗುವುದು’ ಎಂಬ ಚೀಟಿ ಅಂಟಿಸಿದ್ದಾರೆ. ಅದೇ ಸಾಲಿನ ಫೈನಾನ್ಸ್ ಕಚೇರಿಯಲ್ಲಿ ರಿಕವರಿಗೆಂದೇ ಇಬ್ಬರು ಹುಡುಗರಿದ್ದಾರೆ. ಬೈಕ್ ಅವರದೇ, ಪೆಟ್ರೋಲ್ ಮಾತ್ರ ಕಂಪನಿಯದು. ಎದುರಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆದವರನ್ನು ಮಲಗಿಸುವ ಕೋಣೆಗೆ ರಿಕವರಿ ರೂಮ್ ಎಂಬ ಬೋರ್ಡಿದೆ. ಇನ್ನು ಮಂಡ್ಯದ ಕಡೆಯ ನೆಂಟರು ಬಂದರೆ, ಕಾಫಿ ಲೋಟ ಕೆಳಗಿಡುವ ಮೊದಲೇ ‘ಈ ಸಲ ರಿಕವರಿ ಕಮ್ಮಿ ಅಂತ ಫ್ಯಾಕ್ಟ್ರಿಯೋರು ರಾಗ ತೆಗೀತಾವ್ರೆ’ ಎಂದು ಶುರು ಮಾಡುತ್ತಾರೆ. ಅಳಿಸಿಹೋದ ಫೋಟೊ, ಕೊಟ್ಟ ಸಾಲ, ಕೊಯ್ದು ಹೊಲಿದ ಹೊಟ್ಟೆ, ಅರೆದ ಕಬ್ಬು ಎಲ್ಲಕ್ಕೂ ಒಂದೇ ಮಾತು. ಇಂಗ್ಲಿಷಿನ ಇನ್ನೊಂದು ಪದ ನಮ್ಮಲ್ಲಿ ಇಷ್ಟು ಪಂಕ್ತಿಗಳಲ್ಲಿ ಎಲೆ ಹಾಕಿಸಿಕೊಂಡು ಕೂತದ್ದನ್ನು ನಾನು ಕಾಣೆ.

ಕಬ್ಬಿನ ರಿಕವರಿಯ ಲೆಕ್ಕ ಕೇಳುವುದಕ್ಕೆ ಸರಳ. ಒಂದು ಟನ್ ಅರೆದಾಗ 102.5 ಕೆ.ಜಿ. ಸಕ್ಕರೆ ಬಂದರೆ ಶೇ 10.25. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 355 ರೂಪಾಯಿ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕಟ್ಟಿದ್ದು ಈ ಅಂಕಿಗೇ. ಅದರಿಂದ ಮೇಲೆ ಪ್ರತಿ 0.1 ಅಂಶಕ್ಕೆ 3 ರೂಪಾಯಿ 46 ಪೈಸೆ ಸೇರುತ್ತದೆ, ಇಳಿದರೆ ಅಷ್ಟೇ ಕಳೆಯುತ್ತದೆ, 9.5ರ ಕೆಳಗೆ ಎಷ್ಟು ಜಾರಿದರೂ 329 ರೂಪಾಯಿ 5 ಪೈಸೆ ಗ್ಯಾರಂಟಿ. ತೊಂದರೆ ಏನೆಂದರೆ ಇದನ್ನು ಗದ್ದೆಯ ಬದುವಿನ ಮೇಲೆ ನಿಂತು ಅಳೆಯಲು ಬರುವುದಿಲ್ಲ. ಅಂಕಿ ಹುಟ್ಟುವುದು ಕಾರ್ಖಾನೆಯೊಳಗೆ, ಅದೂ ಇಡೀ ಕಾರ್ಖಾನೆಯ ಸರಾಸರಿಯಾಗಿ. ಕಡಿದ ಕಬ್ಬು ಗೇಟಿನ ಮುಂದೆ ಲಾರಿಯಲ್ಲಿ ಬಿಸಿಲು ಕಾಯುತ್ತ ನಿಂತಷ್ಟೂ ಅದರ ಸಕ್ಕರೆ ಒಡೆಯುತ್ತದೆ. ಕಾಯಿಸಿದವರು ಒಬ್ಬರು, ರಿಕವರಿ ಬಿದ್ದುಹೋಯಿತು ಎಂದು ಮಾತು ಕೇಳುವವರು ಇನ್ನೊಬ್ಬರು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರಸ್ತೆಗೆ ಕೂತ ರೈತರು ಕೇಳಿದ್ದು ಟನ್ನಿಗೆ 3,500 ರೂಪಾಯಿ. ಅವರ ಘೋಷಣೆಯಲ್ಲಿ ಶೇಕಡಾವಾರು ಇರಲಿಲ್ಲ, ದುಡ್ಡಿತ್ತು.

ಸಾಲದ ರಿಕವರಿಯದು ಬೇರೆಯೇ ಪುರಾಣ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಕಟ್ಟಪ್ಪಣೆ ಮಾಡಬೇಕಾಯಿತು. ಚಾಮರಾಜನಗರದ ಕಡೆ ಮೈಕ್ರೊ ಫೈನಾನ್ಸಿನ ಕಾಟಕ್ಕೆ ಮನೆಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ವಸೂಲಿ ಎಂದರೆ ಹಿಂದೆ ಮೀಸೆಯ ಆಳು ಕಣ್ಣ ಮುಂದೆ ಬರುತ್ತಿದ್ದ. ರಿಕವರಿ ಎಂದೊಡನೆ ಅವನಿಗೆ ಐಡಿ ಕಾರ್ಡ್ ಬಂತು. ಬಾಗಿಲು ಬಡಿಯುವ ಸದ್ದು ಮಾತ್ರ ಬದಲಾಗಲಿಲ್ಲ.

ಈ ಪದದ ಬೆನ್ನು ಹತ್ತಿ ಹೊರಟ ನನಗೆ ಕಂಡದ್ದು ಇಷ್ಟು. ಕಳೆದುಕೊಂಡವನು ‘ರಿಕವರಿ’ ಎನ್ನುವುದು ಅಪರೂಪ. ಅದು ಕೌಂಟರಿನ ಆಚೆ ಬದಿಯ ಮಾತು. ಬ್ಯಾಂಕಿನವರು ರಿಕವರಿ ಎನ್ನುತ್ತಾರೆ, ಕಟ್ಟಿ ಮುಗಿಸಿದವಳು ‘ಸಾಲ ತೀರಿತು, ಇನ್ನು ನಿದ್ದೆ ಬರುತ್ತೆ’ ಎನ್ನುತ್ತಾಳೆ. ಕಾರ್ಖಾನೆ ರಿಕವರಿ ಎನ್ನುತ್ತದೆ, ರೈತ ‘ಬಿಲ್ ಬಂತಾ?’ ಎನ್ನುತ್ತಾನೆ. ಮೊಬೈಲ್ ಅಂಗಡಿಯ ಹುಡುಗನಿಗೆ ಅದು ಇಷ್ಟು ಜಿಬಿ ಡೇಟಾ. ಎದುರು ನಿಂತ ಹೆಂಗಸಿಗೆ ತೀರಿಹೋದ ಅಪ್ಪನ ವಾಯ್ಸ್ ಮೆಸೇಜ್. ವಾಪಸ್ ಬರಬೇಕಾದ್ದನ್ನು ಅಳೆಯುವವರಿಗೆ ಒಂದು ಮಾತು ಸಾಕು, ಕಾಯುವವರಿಗೆ ಸಾಲದು.

ಹುಟ್ಟಿದ ಊರಿನಲ್ಲೂ ಈ ಪದ ಹೀಗೆಯೇ ಎರಡು ದೋಣಿಯ ಮೇಲೆ ಕಾಲಿಟ್ಟದ್ದು. ಲ್ಯಾಟಿನ್ನಿನ ‘ರೆಕುಪೆರಾರೆ’, ಎಂದರೆ ಮರಳಿ ಪಡೆ ಎಂಬ ಮೂಲದಿಂದ ಫ್ರೆಂಚ್ ದಾಟಿ ಬಂದು, ಕೋರ್ಟಿನಲ್ಲಿ ಹೋದ ಆಸ್ತಿಗೂ ಹಾಸಿಗೆ ಹಿಡಿದವರ ಆರೋಗ್ಯಕ್ಕೂ ಒಟ್ಟಿಗೇ ವಕಾಲತ್ತು ವಹಿಸಿತು. ಅದೇ ಮೂಲದ ‘ರಿಕುಪರೇಟ್’ ಸ್ವಲ್ಪ ಮೆತ್ತಗಿನ ತಂಗಿ. ‘ಕನ್ವಲೆಸ್’ ಎಂಬ ಇನ್ನೊಂದಿದೆ. ಬಲ ಕೂಡಿಸಿಕೊಳ್ಳುವುದು ಎಂದು ಅದರ ಅರ್ಥ. ಹೊಂದುವ ಪದ ಅದೇ, ಆದರೆ ನಮ್ಮ ಬೀದಿಗೆ ಅದು ಬರಲೇ ಇಲ್ಲ. ಲೆಕ್ಕದ ಪುಸ್ತಕ ಹಿಡಿದು ಬಂದ ಪದವೇ ಮಂಚದ ಪಕ್ಕವೂ ಕುರ್ಚಿ ಹಾಕಿಕೊಂಡಿತು.

ಮಂಚದ ಪಕ್ಕ ಅದಕ್ಕೆ ಅಷ್ಟು ಸಲಿಗೆ ಕೊಡಬಾರದಿತ್ತು. 2020ರ ಮೇ ತಿಂಗಳಲ್ಲಿ ಬಂದ ನಿಯಮದಂತೆ ಕೋವಿಡ್ಡಿನ ಸೌಮ್ಯ ಲಕ್ಷಣದವರನ್ನು 10 ದಿನ ಕಳೆದು, 3 ದಿನ ಜ್ವರವಿಲ್ಲದಿದ್ದರೆ, ಮತ್ತೆ ಪರೀಕ್ಷೆಯಿಲ್ಲದೆ ಮನೆಗೆ ಕಳಿಸುತ್ತಿದ್ದರು. ಹಾಸಿಗೆಗಳ ಕೊರತೆಯ ದಿನಗಳಲ್ಲಿ ಅದು ಸರಿಯೇ. ಆದರೆ ಸಂಜೆಯ ಬುಲೆಟಿನ್ನಿನಲ್ಲಿ ಗುಣಮುಖರ ಪಟ್ಟಿಗೆ ಸೇರಿದವರಲ್ಲಿ ಎಷ್ಟೋ ಜನಕ್ಕೆ ಒಗ್ಗರಣೆಯ ವಾಸನೆ ಮೂಗಿಗೆ ತಟ್ಟಲು ತಿಂಗಳುಗಳೇ ಬೇಕಾದವು. ಡೆಂಗಿಯಂತೂ ಇನ್ನೂ ತಮಾಷೆ. ಥರ್ಮಾಮೀಟರ್ ಇಳಿದು ಮನೆಯವರು ದೇವರಿಗೆ ಕೈಮುಗಿಯುವ ಹೊತ್ತಿಗೇ ಅದರ ಅಪಾಯದ ಗಳಿಗೆ ಶುರುವಾಗುವುದು. ಆಮೇಲೆ ಪ್ಲೇಟ್ಲೆಟ್ ಒಂದೂವರೆ ಲಕ್ಷ ದಾಟಿ ರಿಪೋರ್ಟು ನಗುತ್ತಿದ್ದರೂ ರೋಗಿಗೆ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ನನಗೆ ಡೆಂಗಿ ಬಂದು ಬಿಟ್ಟಾಗ ಆಫೀಸಿನಿಂದ ಬಂದ ಫೋನು ‘ಕೌಂಟ್ ನಾರ್ಮಲ್ ಅಲ್ವಾ ಸಾರ್, ಸೋಮವಾರ ಬರ್ತೀರಿ’ ಎಂದಿತು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ದೇಹವೂ ಕಂತು ಬಾಕಿ ಉಳಿಸಿಕೊಂಡ ಸಾಲಗಾರನಾಗಿತ್ತು.

ಗುಣವಾಗುವವರ ಬಾಯಲ್ಲಿ ಬರುವ ಮಾತುಗಳು ಬೇರೆ. ಧಾರವಾಡದವರು ‘ಈಗ ಆರಾಮ ಅದೀನ್ರಿ’ ಎನ್ನುತ್ತಾರೆ. ಮೈಸೂರಿನವರು ‘ಪರವಾಗಿಲ್ಲ’ ಎನ್ನುತ್ತಾರೆ, ಕುಂದಾಪುರದವರು ‘ಅಡ್ಡಿಲ್ಲೆ’. ಇದರಲ್ಲಿ ಮಡಿವಂತಿಕೆಯ ಮಾತೇನಿಲ್ಲ. ಆರಾಮ, ಹುಷಾರು ಕೂಡ ಪಾರಸಿಯಿಂದ ಬಂದು ನಮ್ಮಲ್ಲಿ ಉಂಡು ಬೆಳೆದವು. ನನಗೆ ಹಿಡಿಸಿದ್ದು ಅವುಗಳ ಸಂಕೋಚ. ಪರವಾಗಿಲ್ಲ ಎಂದವನು ಮೊದಲಿನಂತಾದೆ ಎಂದು ರುಜು ಹಾಕಿ ಕೊಡುತ್ತಿಲ್ಲ. ಇವತ್ತಿನ ಮಟ್ಟಿಗೆ ನಡೆಯುತ್ತದೆ, ನಾಳೆಯದು ನಾಳೆ ಎನ್ನುತ್ತಿದ್ದಾನೆ. ಹಳೆಯ ಬಲ ಪೂರ್ತಿ ಮರಳದೆಯೂ ಮನುಷ್ಯ ಚೆನ್ನಾಗಿರಬಹುದು ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿದೆ. ಶೇಕಡಾ ಲೆಕ್ಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಹಾಗಾಗಿ ಜ್ವರ ಬಿಟ್ಟವರನ್ನು ನೋಡಲು ಹೋದಾಗ ನಾನು ರಿಪೋರ್ಟು ಕೇಳುವುದಿಲ್ಲ. ಅದನ್ನು ಓದಲು ಡಾಕ್ಟರಿದ್ದಾರೆ. ನಮ್ಮ ಮನೆಯ ಹಿರಿಯ ಹೆಂಗಸರು ಕೇಳುತ್ತಿದ್ದುದನ್ನೇ ಕೇಳುತ್ತೇನೆ: ಬಾಯಿಗೆ ರುಚಿ ಹತ್ತಿತಾ, ಏನು ತಿನ್ನಬೇಕು ಅನಿಸುತ್ತೆ? ‘ಏನೂ ಬೇಡ’ ಎಂದರೆ ತಂದ ಮೂಸಂಬಿ ಇಟ್ಟು ಬೇಗ ಏಳುತ್ತೇನೆ. ‘ಗಂಜಿಗೆ ಒಂಚೂರು ಉಪ್ಪಿನಕಾಯಿ’ ಎಂದರೆ ಒಂದು ಕಾಫಿ ಕುಡಿಯುವಷ್ಟು ಕೂರಬಹುದು. ಒಳಗಿರುವ ಹೆಂಡತಿಗೆ ಕೇಳದಂತೆ ದನಿ ತಗ್ಗಿಸಿ, ಡಾಕ್ಟರು ಬೇಡವೆಂದ ಮೆಣಸಿನಕಾಯಿ ಬೋಂಡವನ್ನೇ ಬೇಡಿದರೆ ಮಾತ್ರ, ಆಫೀಸಿಗೆ ಸೋಮವಾರ ಎಂದು ಹೇಳಬೇಡ, ಬುಧವಾರ ಅನ್ನು ಎಂದು ಸಲಹೆ ಕೊಟ್ಟು ಬರುತ್ತೇನೆ.