ತಂಗಿಗೆ, ಸಿಂದಗಿಯಿಂದ

ತಂಗೆವ್ವಾ,

ಪತ್ತೇದಾರಿ ಕಾದಂಬರಿ ಬರೀತೀನಿ, ಅದರಾಗ ಕೊಲೆಗಾರ ಬೆರಳಚ್ಚಿನಿಂದಲ್ಲ, ಆಡಿದ ಒಂದು ಮಾತಿನಿಂದ ಸಿಕ್ಕಿಬೀಳಬೇಕು ಅಂತ ಬರದೀ. ಭಾಳ ಖುಷಿ ಆತು. ಆದ್ರ ಆ ಕಥಿ ಲಂಡನ್ನಿನ ಗ್ರಂಥಾಲಯದಾಗ ಯಾಕ ನಡೀಬೇಕು? ಉಂಬರ್ಟೋ ಇಕೋ ಇಟಲಿಯ ಮಠದಾಗ ಕೊಲೆ ಮಾಡಿಸಿದ, ಖರೆ. ಅವನಿಗೆ ಲ್ಯಾಟಿನ್ ಗೊತ್ತಿತ್ತು. ನಿನಗ ಗೊತ್ತಿರೋದು ಇಂಡಿ-ಸಿಂದಗಿ ಮಾತು.

ಕನ್ನಡದಾಗ ಪತ್ತೇದಾರಿಗೆ ಕೊರತಿ ಇಲ್ಲ. ಸಾಲಿ ಅಷ್ಟಕ್ಕಷ್ಟ ಕಲತ ಎನ್. ನರಸಿಂಹಯ್ಯನವರು ನೂರಾರು ಕಾದಂಬರಿ ಬರದು ಪತ್ತೇದಾರ ಪುರುಷೋತ್ತಮನ್ನ ಮನಿಮನಿಗೆ ಮುಟ್ಟಿಸಿದರು. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರದವರ. ಅವರೊಳಗ ಓಟ ಅದ, ಮಾತಿನ ರುಚಿ ಕಡಿಮಿ. ಅದು ಬಂದದ್ದು ತೇಜಸ್ವಿಯವರ 'ಜುಗಾರಿ ಕ್ರಾಸ್'ನಾಗ. ಎರಡರ್ಥದ ಒಂದು ಹಳೇ ಕಾವ್ಯ ಅಲ್ಲಿ ಗುಟ್ಟಿನ ಕೀಲಿ ಆಗ್ತದ. ಕೆ.ಎನ್. ಗಣೇಶಯ್ಯನವರು ಶಾಸನ, ಶಿಲ್ಪ ಹಿಡಕೊಂಡು ಹೊಂಟರು. ಆದ್ರ ನಮ್ಮ ಕಡೆ ಬಾಯಾಗಿನ ಮಾತೇ ಸುಳಿವು ಆದದ್ದನ್ನ ನಾ ಇನ್ನೂ ಓದಿಲ್ಲ.

ಕೇಳು. ಕಣದಾಗ ರಾಶಿ ಅಳೆಯೋವಾಗ ಮೊದಲನೇ ಅಳತಿಗೆ 'ಒಂದು' ಅನ್ನಂಗಿಲ್ಲ, 'ಲಾಭ' ಅಂತಾರ. ಲಾಭ, ಎರಡು, ಮೂರು. ಮುದ್ದೇಬಿಹಾಳ ಕಡೆ ಎರಿಹೊಲದ ಮನಿಗೆ, ಸಣ್ಣಾಂವ ಇದ್ದಾಗ ಓಡಿಹೋದ ಮಗ ನಾನೇ ಅಂತ ಒಬ್ಬಾಂವ ಬರ್ತಾನ ಅಂತ ಇಟ್ಟುಕೋ. ಮಾರಿ ಹೋಲ್ತದ, ಕಾಗದಪತ್ರ ಸರಿ ಅವ. ಸುಗ್ಗಿಯಾಗ ಕೊಳಗ ಕೈಯಾಗ ಹಿಡದು 'ಒಂದು' ಅಂತಾನ. ಮುದುಕಿ ಸುಮ್ಮನ ಎದ್ದು ಒಳಗ ಹೋಗ್ತಾಳ. ಆ ರಾತ್ರಿ ಮುದುಕಿ ಸಾಯ್ತಾಳ.

ಹೆಂಗ ಸತ್ತಳು? ಅದಕ್ಕ ಹಗೇವು ಅದ. ನೆಲದಾಗ ತೋಡಿ ಜ್ವಾಳ ತುಂಬಿ ಬಾಯಿ ಮುಚ್ಚಿದ ಹಗೇವಿನೊಳಗ ಕಾಳು ಉಸರಾಡಿ ಆಮ್ಲಜನಕ ತೀರಿರ್ತದ, ಇಂಗಾಲದ ಡೈಆಕ್ಸೈಡ್ ತುಂಬಿರ್ತದ. ತಿಳದವರು ಬಾಯಿ ತಗದು ಗಾಳಿ ಆಡಾಕ ಬಿಟ್ಟು, ಕಂದೀಲು ಇಳಿಬಿಟ್ಟು ನೋಡತಾರ. ದೀಪ ಆರಿದರ ಇಳಿಯಂಗಿಲ್ಲ. ಇಳಿದವರು ಕೂಗಾಕೂ ಆಗದಂಗ ಬೀಳತಾರ. ಮೈಮ್ಯಾಲೆ ಗಾಯ ಇಲ್ಲ, ವಿಷ ಇಲ್ಲ. ಮಂದಿ 'ಹುಳ ಮುಟ್ಟೇದ' ಅಂತಾರ. ಕತ್ತಲಾದ ಮ್ಯಾಲೆ ಹಾವಿನ ಹೆಸರು ಹೇಳಬಾರದಲ್ಲ! ಬ್ಯಾರೆ ಜಿಲ್ಲೆಯಿಂದ ಬಂದ ಫೌಜದಾರ ಅದನ್ನ ಕಾಳಿನ ಹುಳ ಅಂತ ಬರಕೋತಾನ. ಇನ್ನ ಬಂದಾಂವನ ಹೆಂಡತಿ ಗಂಡನ ಹೆಸರು ಬಾಯಿಲೆ ಹೇಳಂಗಿಲ್ಲ, ಒಡಪು ಹಾಕತಾಳ. ಆ ಒಡಪಿನೊಳಗ ಬರೋ ಹೆಸರು ಯಾರದು? (ಈಗಿನ ಹುಡುಗ್ಯಾರು ಗಂಡನ ಹೆಸರು ಹಿಡದ ಕರೀತಾರ, ಅದಕ್ಕ ಕಥಿ ಸ್ವಲ್ಪ ಹಿಂದಿನ ಕಾಲಕ್ಕ ಒಯ್ಯಿ.)

ಹೆಣ್ಣುಮಕ್ಕಳ ಮಾತಿನ ಹದ ಬೇಕಂದ್ರ ಹಲಸಂಗಿ ಗೆಳೆಯರು 1931ರಾಗ ತಂದ 'ಗರತಿಯ ಹಾಡು' ಓದು. ಇಂಡಿ ಸೀಮಿಯ ಆ ಹಳ್ಳಿಯಾಗ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತ ಅವರ ಗೆಳೆಯರು ಹಾಡು ಕೂಡಿಸಿದರು. ಹರದೇಶಿ-ನಾಗೇಶಿ ಗೀಗೀ ಮೇಳಕ್ಕೂ ಕೂತು ಬಾ. ಒಬ್ಬರು ಸವಾಲು ಎಸೀತಾರ, ಇನ್ನೊಬ್ಬರು ಬಿಡಸತಾರ. ವಿಚಾರಣಿಯ ಸಂಭಾಷಣಿ ಹೆಂಗಿರಬೇಕು ಅನ್ನೋದು ಅಲ್ಲೇ ತಿಳೀತದ. ಬಸವನ ಬಾಗೇವಾಡಿಯಾಗ ಹುಟ್ಟಿ ಬೆಳದ ನಿನಗ ಬೆಡಗಿನ ವಚನದ ಬಗ್ಗೆ ನಾ ಹೇಳಬೇಕೇನು?

ಒಂದು ಶಬ್ದ, ಒಂದು ಊರಹೆಸರು ಹಿಡಕೊಂಡು ಹೆಂಗ ಬೆನ್ನಹತ್ತಬೇಕು ಅನ್ನೋದಕ್ಕ ನಮ್ಮ ಸಿಂದಗಿ ತಾಲೂಕಿನವರ ಆದ ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟ ನೋಡು. 2015ರ ಆಗಸ್ಟ್ 30ರಂದು ಧಾರವಾಡದ ಮನಿಯಾಗ ಅವರನ್ನ ಗುಂಡು ಹಾಕಿ ಕೊಂದರು. ಅದನ್ನ ಮಾತ್ರ ಕಥಿಗೆ ತರಬ್ಯಾಡ.

ಮತ್ತೊಂದು. ಮೈಸೂರಿನ ಓದುಗರಿಗೆ ಮೋಸ ಆಗಬಾರದು. 'ಲಾಭ' ಅನ್ನೋ ಎಣಿಕಿ ಮೊದಲನೇ ಅಧ್ಯಾಯದಾಗ ಯಾವುದೋ ಮೂಲ್ಯಾಗ, ಯಾರೋ ಆಳುಮಗನ ಬಾಯಾಗ ಬಂದು ಹೋಗಿರಲಿ. ನೋಡಿದವರು ನೋಡಲಿ. ಕಡಿಗೆ ಶಬ್ದಾರ್ಥದ ಪಟ್ಟಿ ಹಚ್ಚಬ್ಯಾಡ. ಅವ್ವಗ ಮೊದಲನೇ ಅಧ್ಯಾಯ ಓದಿ ಹೇಳತೀನಿ, ಯುಗಾದಿಯೊಳಗ ಕಳಸು.

ನಿನ್ನ ಅಕ್ಕ